ಕಸರ್ ರಮಾಕಾಂತನ ನಂಬರ್ ಪ್ಲೇಟು

ಆಸ್ಟ್ರೇಲಿಯಾದ ಪರ್ತಿನ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹದಿನಾಲ್ಕು ಜನ ಇದ್ದಾರೆ. ಶನಿವಾರ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಅವರಲ್ಲಿ ಇನ್ನೂರ ಹದಿಮೂರು ಜನ ಗುಂಪನ್ನು ಮ್ಯೂಟ್ ಮಾಡಿರುತ್ತಾರೆ. ಉಳಿದ ಒಬ್ಬ ರಮಾಕಾಂತ್. ಅವನು ಮ್ಯೂಟ್ ಮಾಡುವಂತಿರಲಿಲ್ಲ, ಏಕೆಂದರೆ ಏಳು ಗಂಟೆಗೆ ಸರಿಯಾಗಿ ಬರುವ ‘ಪದದ ಬೇರು’ ಎಂಬ ಅಂಕಣವನ್ನು ಬರೆಯುತ್ತಿದ್ದವನು ಅವನೇ.

ರಮಾಕಾಂತನಿಗೆ ಐವತ್ತೈದು ವರ್ಷ. ಊರು ಮೈಸೂರು, ಮನೆ ಪರ್ತಿನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ. ಮನೆ ಕಟ್ಟುವ ಕಂಪನಿಯೊಂದರಲ್ಲಿ ಎಸ್ಟಿಮೇಟರ್. ಅಂದರೆ ನಕ್ಷೆ ನೋಡಿ ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ಅಂದಾಜು ಹೇಳುವ ಕೆಲಸ. ಇಟ್ಟಿಗೆಯ ಅಂದಾಜು ತಪ್ಪಿದರೆ ಮಾರನೇ ದಿನವೇ ಕೇಳುವವರಿದ್ದರು. ಪದದ ಅಂದಾಜು ತಪ್ಪಿದರೆ ಕೇಳುವವರು ಯಾರೂ ಇರಲಿಲ್ಲ. ಹೀಗಾಗಿ ಅವನಿಗೆ ವರ್ಷ ಕಳೆದಂತೆ ಇಟ್ಟಿಗೆಗಿಂತ ಪದಗಳ ಮೇಲೆ ಒಲವು ಹೆಚ್ಚಾಯಿತು.

ಅವನ ಸಿದ್ಧಾಂತ ಸರಳವಾದದ್ದು. ಜಗತ್ತಿನ ಪದಗಳೆಲ್ಲ ನಮ್ಮ ಕಡೆಯಿಂದಲೇ ಹೊರಟವು. ಬಸ್ಸಿನಲ್ಲಿ ಸಾಮಾನು ಮರೆತು ಇಳಿದವರ ಹಾಗೆ ದಾರಿಯಲ್ಲಿ ಒಂದೆರಡು ಅಕ್ಷರ ಕಳೆದುಕೊಂಡವು. ಆಸ್ಟ್ರೇಲಿಯಾದವರು ಮಧ್ಯಾಹ್ನಕ್ಕೆ ‘ಆರ್ವೊ’ ಅನ್ನುವುದು ನಮ್ಮ ಅಪರಾಹ್ನ. ಪೆಟ್ರೋಲ್ ಬಂಕಿಗೆ ‘ಸರ್ವೋ’ ಅನ್ನುವುದು ಅಲ್ಲಿ ಸರ್ವವೂ ಸಿಗುವುದರಿಂದ. ಈ ಎರಡನೆಯ ಅಂಕಣಕ್ಕೆ ಬಳಗದ ಅಧ್ಯಕ್ಷರಾದ ಡಾಕ್ಟರ್ ಮಹಾಬಲೇಶ್ವರ ಅವರು ಕೈಮುಗಿದ ಚಿತ್ರವೊಂದನ್ನು ಕಳಿಸಿದರು. ಇನ್ನು ಸಾಕು ಎಂಬ ಅರ್ಥದಲ್ಲಿ ಅವರು ಮುಗಿದ ಕೈಯನ್ನು ರಮಾಕಾಂತ್ ಮೆಚ್ಚುಗೆಯೆಂದು ಓದಿಕೊಂಡು, ಪ್ರಿಂಟ್ ತೆಗೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಇಂಥವನಿಗೆ ಉತ್ತಮ್ ಎಂಬ ಒಬ್ಬನೇ ಮಗ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಅವನು, ಅದೇ ಪ್ರಯೋಗಾಲಯದ ಸೇಕಾರ್ ಎಂಬ ಹುಡುಗಿಯನ್ನು ಮದುವೆಯಾಗುವುದಾಗಿ ಒಂದು ಭಾನುವಾರ ಫೋನಿನಲ್ಲಿ ಹೇಳಿದ. ಹುಡುಗಿ ಇಂಡೋನೇಷ್ಯಾದ ಜಾವಾ ಕಡೆಯವಳು. ಮನೆಯವರು ಅಡಿಲೇಡಿನ ಕಿಲ್ಬರ್ನಿನಲ್ಲಿದ್ದಾರೆ. ಬೇರೆ ತಂದೆಯಾಗಿದ್ದರೆ ಜಾತಿ, ಧರ್ಮ, ಸಂಬಳ ಏನಾದರೊಂದು ಕೇಳುತ್ತಿದ್ದ.

“ಸೇಕಾರ್ ಅಂದ್ರೆ ಶೇಖರ! ನಮ್ಮ ಶೇಖರನೇ ಕಣೋ!” ಎಂದು ರಮಾಕಾಂತ್ ಕೂಗಿದ.

“ಡ್ಯಾಡ್, ಶೀ ಈಸ್ ಎ ಗರ್ಲ್.”

“ಪರವಾಗಿಲ್ಲ ಬಿಡು. ಅವರ ಭಾಷೇಲಿ ಪ್ರೀತಿಗೆ ಏನಂತಾರೆ?”

“ಚಿಂತಾ.”

“ಕೇಳ್ದ್ಯಾ ಕಸ್ತೂರಿ? ಚಿಂತೆ! ಪ್ರೀತೀನ ಚಿಂತೆ ಅಂತಾರಂತೆ!”

ಕಸ್ತೂರಿ ಅವನ ಹೆಂಡತಿ. ವೃತ್ತಿಯಿಂದ ಹಲ್ಲಿನ ಡಾಕ್ಟರಾದ್ದರಿಂದ ಬಾಯಿ ತೆರೆದುಕೊಂಡೇ ಇರುವವರನ್ನು ನೋಡಿ ಅಭ್ಯಾಸವಿತ್ತು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಅವಳು ಬಟ್ಟೆ ಮಡಿಸುತ್ತಲೇ, “ಅವರು ಸರಿಯಾಗೇ ತಿಳ್ಕೊಂಡಿದ್ದಾರೆ” ಅಂದಳು.

ಉತ್ತಮ್ ಆಮೇಲೆ ಹೇಳಿದ್ದು ಮುಖ್ಯವಾದ ವಿಷಯ. ದೇವರು, ಊಟ, ಎಲ್ಲಿ ವಾಸ ಎಂಬುದನ್ನೆಲ್ಲ ಅವರಿಬ್ಬರೂ ಎರಡು ವರ್ಷ ಕೂತು ಮಾತಾಡಿ ಮುಗಿಸಿಕೊಂಡಿದ್ದರು. ಉಳಿದಿದ್ದು ಸೇಕಾರಳ ಅಜ್ಜಿ. ಮನೆಯಲ್ಲಿ ಎಲ್ಲರೂ ಅವರನ್ನು ‘ಎಯಾಂಗ್’ ಅನ್ನುತ್ತಿದ್ದರು, ಜಾವಾದ ಮಾತಿನಲ್ಲಿ ಅಜ್ಜಿ ಎಂದೇ ಅರ್ಥ. ಸೇಕಾರಳ ಅಕ್ಕನ ಮದುವೆ ಮುರಿದುಬಿದ್ದ ಮೇಲೆ ಆ ಮನೆಯಲ್ಲಿ ಸಂಬಂಧದ ಮಾತಿಗೆ ಎಯಾಂಗ್ ಹೇಳಿದ್ದೇ ಕೊನೆ. ಅವರು ಬೇಡವೆಂದರೆ ಸೇಕಾರ್ ಅಳುತ್ತಾಳೆ, ಆದರೆ ಮೀರುವುದಿಲ್ಲ.

“ಡ್ಯಾಡ್, ಪ್ಲೀಸ್. ಎಯಾಂಗ್ ಹತ್ರ ಮಾತ್ರ ಸ್ವಲ್ಪ ನೈಸ್ ಆಗಿರಿ” ಎಂದು ಉತ್ತಮ್ ಕನ್ನಡದಲ್ಲೇ ಹೇಳಿದ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಕಷ್ಟಪಟ್ಟು ಕನ್ನಡ ಮಾತಾಡಿದ್ದನ್ನು ಕೇಳಿ ಕಸ್ತೂರಿ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ರಮಾಕಾಂತನ ಮನಸ್ಸೂ ಕರಗಿತು. ಆದರೆ ಅವನು ಅದನ್ನು ತೋರಿಸಿಕೊಂಡದ್ದು, “ನಾನು ಯಾವಾಗ ಕಣೋ ನೈಸಾಗಿ ಇಲ್ದೇ ಇದ್ದಿದ್ದು?” ಎಂದು ಪಕ್ಕದ ಮನೆಯ ನಾಯಿ ಬೊಗಳುವಷ್ಟು ಜೋರಾಗಿ ಕೇಳುವ ಮೂಲಕ.

ರಮಾಕಾಂತ್ ಕೆಟ್ಟವನಲ್ಲ. ಮನಸ್ಸು ಬೆಣ್ಣೆ, ಮಾತು ಬೆಣಚುಕಲ್ಲು. ಎದುರಿನವರ ವಾಕ್ಯ ಅರ್ಧದಲ್ಲಿರುವಾಗಲೇ ಉಳಿದರ್ಧವನ್ನು ತಾನು ಹೇಳಿ ಮುಗಿಸಿ ಉಪಕಾರ ಮಾಡುತ್ತಿದ್ದ.

ಮುಂದಿನ ವಾರ ಕಿಲ್ಬರ್ನಿನವರೊಂದಿಗೆ ವೀಡಿಯೊ ಕರೆ. ಆ ಕಡೆ ಸೇಕಾರಳ ತಂದೆ ಹರ್ಯೋನೋ, ಪಕ್ಕದಲ್ಲಿ ಎಯಾಂಗ್. ಹರ್ಯೋನೋ ಹಳೆಯ ಮೇಜು ಕುರ್ಚಿಗಳನ್ನು ಉಜ್ಜಿ ಹೊಸದು ಮಾಡುವ ಬಡಗಿ. ಹೆಂಡತಿ ತೀರಿಕೊಂಡ ಮೇಲೆ ತಾಯಿಯಾದ ಎಯಾಂಗ್ ಅವರೇ ಮನೆ ನೋಡಿಕೊಳ್ಳುತ್ತಿದ್ದರು. ಇಬ್ಬರ ಮಾತೂ ಎಷ್ಟು ಮೆಲ್ಲಗೆಂದರೆ ಕಸ್ತೂರಿ ಮೂರು ಸಲ ವಾಲ್ಯೂಮ್ ಏರಿಸಿದಳು. ರಮಾಕಾಂತ್ ಬಾಯಿ ತೆರೆದ ಕೂಡಲೇ ಆ ಕಡೆಯವರು ಇಳಿಸಿಕೊಂಡರು.

“ಹರಿಯಣ್ಣ!” ಎಂದ ರಮಾಕಾಂತ್, ಹರ್ಯೋನೋ ಎಂಬ ಹೆಸರಿನ ಬೇರು ಆಗಲೇ ಸಿಕ್ಕಿಬಿಟ್ಟಿದ್ದರಿಂದ. ಎಯಾಂಗ್ ತಮಗೆ ಬರುವ ನಾಲ್ಕು ಮಾತು ಇಂಗ್ಲಿಷಿನಲ್ಲಿ ಊಟವಾಯಿತೇ ಎಂದು ಕೇಳತೊಡಗಿದರು. ಅವರ ಪ್ರಶ್ನೆ ಮುಗಿಯುವ ಮೊದಲೇ ಇವನು ಕೋಡುಬಳೆ ಅಗಿಯುತ್ತ ಉತ್ತರ ಕೊಟ್ಟ, ಟೇಬಲ್ ಗುದ್ದಿ ನಕ್ಕ, ಫೋನನ್ನು ಎಡಗೈಯಲ್ಲಿ ಎತ್ತಿಕೊಂಡು ಹೋಗಿ ಫ್ರಿಜ್ಜಿನ ಮೇಲಿನ ಕೈಮುಗಿದ ಚಿತ್ರವನ್ನೂ ತೋರಿಸಿದ. ಎಯಾಂಗ್ ಬಾಯಿಗೆ ಕೈ ಅಡ್ಡ ಹಿಡಿದು, ಮಗನ ಕಡೆ ಬಾಗಿ, ಮುಗುಳ್ನಗುತ್ತ ಒಂದು ಮಾತು ಹೇಳಿದರು. ಅದರಲ್ಲಿ ‘ಕಸರ್’ ಎಂಬ ಪದ ರಮಾಕಾಂತನ ಕಿವಿಗೆ ಬಿತ್ತು.

ಓದುಗರಿಗೆ ಇಲ್ಲೇ ಹೇಳಿಬಿಡುವುದು ಧರ್ಮ. ಇಂಡೋನೇಷ್ಯಾದ ಭಾಷೆಯಲ್ಲಿ ಕಸರ್ ಎಂದರೆ ಒರಟು. ಮುಟ್ಟಿದರೆ ತರಚುವ ವಸ್ತುವಿಗೂ ಅದೇ ಪದ, ಮಾತು ನಡತೆಯಲ್ಲಿ ನಯವಿಲ್ಲದ ಮನುಷ್ಯನಿಗೂ ಅದೇ ಪದ. ಇದು ಅಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅತಿಥಿಯ ಮುಖಕ್ಕೆ ನಿನ್ನ ತಿಳಿವಳಿಕೆ ತಪ್ಪು ಎಂದು ಹೇಳುವುದು ಅವರ ರೀತಿಯಲ್ಲ. ಹೀಗಾಗಿ ರಮಾಕಾಂತನಿಗೆ ಹೇಳುವವರು ಯಾರೂ ಇರಲಿಲ್ಲ.

“ಗೊತ್ತಾಯ್ತಾ ಕಸ್ತೂರಿ? ಅಜ್ಜಿ ನನ್ನ ಕೇಸರಿ ಅಂದ್ರು. ಸಿಂಹ! ಭಾಷೆನ ಬಹಾಸ ಮಾಡ್ಕೊಂಡಿರೋರು ಕೇಸರೀನ ಕಸರ್ ಮಾಡ್ಕೊಂಡಿದ್ದಾರೆ. ದೀರ್ಘ ಬಿಟ್ಟೋಗಿದೆ, ಅಷ್ಟೇ.”

“ಕಸರತ್ತು ಇರ್ಬೋದು. ನೀವು ಕೈಕಾಲು ಆಡಿಸ್ತಾ ಇದ್ರಿ.”

“ನಗ್ತಾ ಹೇಳಿದ್ರು ಕಣೆ.”

“ಹಾಗಾದ್ರೆ ಕಸ ಅಂತಾನೂ ಇರ್ಬೋದು.”

ವಿದ್ವಾಂಸನಿಗೆ ಮನೆಯಲ್ಲಿ ಬೆಲೆಯಿಲ್ಲ ಎಂಬುದು ಹಳೆಯ ಅನುಭವ. ರಮಾಕಾಂತ್ ಹೊರಗೆ ಪುರಾವೆ ಹುಡುಕಲು ಹೊರಟ. ಕ್ಯಾನಿಂಗ್ಟನ್ನಿನ ದೊಡ್ಡ ಮಾಲಿನ ಒಳಗೆ ಇಂಡೋನೇಷ್ಯಾದ ಊಟ ಮಾರುವ ಹೆಂಗಸೊಬ್ಬಳಿದ್ದಳು. ಅವನು ಕ್ಯೂ ದಾಟಿ ಮುಂದೆ ಹೋಗಿ, ಎದೆ ಮುಟ್ಟಿಕೊಂಡು, “ಮೀ, ಕಸರ್. ಯೆಸ್?” ಎಂದು ಕೇಳಿದ.

ಹೆಂಗಸು ಗಾಬರಿಯಾದಳು. “ನೋ, ನೋ, ಸರ್. ನಾಟ್ ಕಸರ್!”

ರಮಾಕಾಂತನಿಗೆ ಅವಮಾನವಾಯಿತು. “ವೈ ನಾಟ್? ಐ ಆಮ್ ವೆರಿ ಕಸರ್!” ಎಂದು ಕೌಂಟರಿನ ಮೇಲೆ ಗುದ್ದಿದ. ಚಿಲ್ಲಿ ಸಾಸಿನ ಬಾಟಲಿ ಉರುಳಿ ಕೆಳಗೆ ಬಿತ್ತು. ಹೆಂಗಸು ಬಾಟಲಿಯನ್ನೂ ಅವನನ್ನೂ ನೋಡಿ, ತಲೆ ತಗ್ಗಿಸಿ, “ಲಿಟಲ್ ಬಿಟ್, ಸರ್” ಅಂದಳು.

ಹೊರಗಿನವರು ಒಪ್ಪಿದಂತಾಯಿತು. ಇನ್ನೊಂದು ಪುರಾವೆ ಏಷ್ಯನ್ ಅಂಗಡಿಯಲ್ಲಿ ಸಿಕ್ಕಿತು. ಉಪ್ಪಿನ ಪ್ಯಾಕೆಟ್ಟೊಂದರ ಮೇಲೆ ‘ಗರಂ ಕಸರ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಗರಂ ಎಂದರೆ ಉಪ್ಪು ಎಂದು ಅಂಗಡಿಯವನೇ ಹೇಳಿದ. ಅಂದಮೇಲೆ ಇದು ಸಿಂಹ ಛಾಪು ಉಪ್ಪು. ಪ್ಯಾಕೆಟ್ಟಿನ ಮೇಲೆ ಸಿಂಹದ ಚಿತ್ರವಿರಲಿಲ್ಲ, ಒಳಗೆ ದಪ್ಪ ದಪ್ಪ ಹರಳುಪ್ಪು ಇತ್ತು. ಮುದ್ರಣದವರ ಅಚಾತುರ್ಯಕ್ಕೆ ಪದವೇನು ಮಾಡೀತು?

ಆ ಶನಿವಾರದ ಅಂಕಣದ ಹೆಸರು ‘ಜಾವಾದಲ್ಲಿ ನಮ್ಮ ಸಿಂಹ’. ಉಪ್ಪಿನ ಪ್ಯಾಕೆಟ್ಟಿನ ಫೋಟೋ ಜೊತೆಗಿತ್ತು. ಮಹಾಬಲೇಶ್ವರ ಅವರು ಈ ಸಲ ಫೋನನ್ನೇ ಮಾಡಿದರು.

“ಅಲ್ಲಾ ರಮಾಕಾಂತ್, ಸಿಂಹಕ್ಕೆ ಅವ್ರು ಸಿಂಗ ಅಂತಾರಲ್ವೇನ್ರೀ? ಸಿಂಗಾಪುರ ಅಂತ ಊರೇ ಇದೆ.”

“ಡಾಕ್ಟ್ರೇ, ನಮ್ಮಲ್ಲಿ ಸಿಂಹಕ್ಕೆ ಎಷ್ಟು ಹೆಸರಿದೆ ಹೇಳಿ? ಸಿಂಹ, ಕೇಸರಿ, ಮೃಗರಾಜ. ಅವ್ರು ಮಾತ್ರ ಯಾಕೆ ಒಂದಕ್ಕೇ ನಿಲ್ಬೇಕು? ಬಡವ್ರೇ ಅವ್ರು?”

ಡಾಕ್ಟರು ಮತ್ತೆ ಕೈಮುಗಿದ ಚಿತ್ರ ಕಳಿಸಿದರು. ಫ್ರಿಜ್ಜಿನ ಮೇಲೆ ಎರಡಾಯಿತು.

ಇಷ್ಟಕ್ಕೇ ನಿಂತಿದ್ದರೆ ವಿಷಯ ವಾಟ್ಸಾಪಿನಲ್ಲೇ ಕೊಳೆತು ಹೋಗುತ್ತಿತ್ತು. ಆದರೆ ಆ ದೇಶದಲ್ಲಿ ಒಂದು ಸೌಲಭ್ಯವಿದೆ: ಅರ್ಜಿ ಹಾಕಿದರೆ ಕಾರಿಗೆ ನಿಮ್ಮಿಷ್ಟದ ಅಕ್ಷರಗಳ ನಂಬರ್ ಪ್ಲೇಟು ಸಿಗುತ್ತದೆ. ಅರ್ಜಿಯಲ್ಲಿ ಪದದ ಅರ್ಥ ಕೇಳಿದ ಜಾಗದಲ್ಲಿ ರಮಾಕಾಂತ್ ‘ಸಿಂಹ; ರಾಜಗಾಂಭೀರ್ಯ’ ಎಂದು ತುಂಬಿಸಿದ. ಕಚೇರಿಯವರಿಗೆ ಸಿಂಹದ ಬಗ್ಗೆ ಆಕ್ಷೇಪಣೆಯಿರಲಿಲ್ಲ. ಆರು ವಾರದಲ್ಲಿ ಅವನ ಕಾರಿನ ಹಿಂದೆ ಮುಂದೆ KASAR ಎಂಬ ಐದು ಅಕ್ಷರ ಹೊಳೆಯತೊಡಗಿತು.

ಎಯಾಂಗ್ ಅವರನ್ನು ಮುಖತಃ ಕಾಣುವ ದಿನ ಗೊತ್ತಾಗಿತ್ತು. ಮಕ್ಕಳಿಬ್ಬರೂ ಬ್ರಿಸ್ಬೇನಿನಿಂದ ಅಡಿಲೇಡಿಗೆ ಬರುವುದು, ಇವರಿಬ್ಬರೂ ಪರ್ತಿನಿಂದ ಹಾರುವುದು ಎಂದು ನಿಶ್ಚಯವಾಗಿತ್ತು. ರಮಾಕಾಂತ್ ಹಾರಲು ಒಪ್ಪಲಿಲ್ಲ.

“ವಿಮಾನದಲ್ಲಿ ಹೋದ್ರೆ ಪ್ಲೇಟು ಯಾರು ನೋಡ್ತಾರೆ?”

“ರೀ, ಎರಡು ಸಾವಿರದ ಏಳ್ನೂರು ಕಿಲೋಮೀಟರು!”

“ಬೀಗರಿಗೆ ಮರ್ಯಾದೆ ಅಂದ್ರೆ ಕಿಲೋಮೀಟರ್ ಲೆಕ್ಕ ಹಾಕ್ತಾರೇನೇ?”

ಕಸ್ತೂರಿ ಚಕ್ಕುಲಿ, ಸೀರೆ ಮತ್ತು ದೋಸೆಹಿಟ್ಟಿಗೆ ಬೇಕಾದ ಅಕ್ಕಿ ಉದ್ದು ಕಟ್ಟಿಕೊಂಡು ಮೂರು ಗಂಟೆಯಲ್ಲಿ ಅಡಿಲೇಡ್ ಮುಟ್ಟಿದಳು. ಸಿಂಹಕ್ಕೆ ಮೂರು ದಿನ ಹಿಡಿಯಿತು.

ನಡುವೆ ನಲ್ಲರ್ಬೋರ್ ಎಂಬ ಬಯಲಿದೆ. ಒಂದು ಮರವಿಲ್ಲ, ಒಂದು ತಿರುವಿಲ್ಲ. ನಲ್ಲಿಯೂ ಇಲ್ಲ, ಬೋರೂ ಇಲ್ಲ, ಹೆಸರು ಮಾತ್ರ ನಲ್ಲಿಬೋರ್ ಎಂದು ರಮಾಕಾಂತ್ ಮುಂದಿನ ಅಂಕಣಕ್ಕೆ ಬರೆದಿಟ್ಟುಕೊಂಡ. ಅಲ್ಲಿನ ಒಂದು ಸರ್ವೋದಲ್ಲಿ ಇಂಡೋನೇಷ್ಯಾದ ನಾಲ್ಕು ಜನ ಪ್ರವಾಸಿ ಹುಡುಗರು ಅವನ ಕಾರಿನ ಮುಂದೆ ನಿಂತು, ಹೊಟ್ಟೆ ಹಿಡಿದುಕೊಂಡು ನಗುತ್ತ ಫೋಟೋ ತೆಗೆಸಿಕೊಂಡರು. ಅಭಿಮಾನಿಗಳನ್ನು ನಿರಾಶೆಗೊಳಿಸಬಾರದೆಂದು ರಮಾಕಾಂತ್ ನಡುವೆ ನಿಂತು ಸಿಂಹದಂತೆ ಗರ್ಜಿಸಿದ. ಅವರಿಗೆ ಉಸಿರು ಸಿಕ್ಕಲು ಬಹಳ ಹೊತ್ತಾಯಿತು.

ತನ್ನ ಫೋನಿನಲ್ಲೂ ಒಂದು ತೆಗೆಸಿಕೊಂಡು ಮಗನಿಗೆ ಕಳಿಸಿದ. ಐದು ನಿಮಿಷದಲ್ಲಿ ಉತ್ತಮ್ ಫೋನು ಮಾಡಿದ. ಹಿಂದೆ ಬ್ರಿಸ್ಬೇನಿನ ನದಿಯ ಫೆರಿಯ ಸದ್ದು, ಯಾರೋ ಹುಡುಗಿ ಬಿಕ್ಕುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಸದ್ದು.

“ಡ್ಯಾಡ್! ಆ ಪ್ಲೇಟ್ ತೆಗೀರಿ. ರೈಟ್ ನೌ. ಕಸರ್ ಡಸಂಟ್ ಮೀನ್ ಲಯನ್. ಇಟ್ ಮೀನ್ಸ್...”

ಅಷ್ಟರಲ್ಲಿ ಕಾರು ಸರ್ವೋದಿಂದ ಮುಂದೆ ಹೋಗಿತ್ತು, ಸಿಗ್ನಲ್ ಹೋಯಿತು. ಮತ್ತೆ ಸಿಗ್ನಲ್ ಬಂದಾಗ ಫೋನಿನ ಚಾರ್ಜ್ ಇರಲಿಲ್ಲ, ಚಾರ್ಜರು ಕಸ್ತೂರಿಯ ಚೀಲದಲ್ಲಿ ಹಾರಿಹೋಗಿತ್ತು. ಪ್ರಾಯಶಃ ಹುಲಿ ಎಂದಿರಬೇಕು ಎಂದುಕೊಂಡ ರಮಾಕಾಂತ್. ಸೆಡೂನಾ ಎಂಬ ಊರಿನ ತಪಾಸಣೆ ಕೇಂದ್ರದಲ್ಲಿ ಹಣ್ಣು ಒಳಗೆ ಬಿಡುವುದಿಲ್ಲ ಎಂದರು. ತಾಂಬೂಲಕ್ಕೆಂದು ಇಟ್ಟಿದ್ದ ಬಾಳೆಹಣ್ಣನ್ನು ಎಸೆಯಬೇಕು, ಇಲ್ಲವೇ ಅಲ್ಲೇ ತಿನ್ನಬೇಕು. ಮಂಗಳ ಕಾರ್ಯದ ಹಣ್ಣನ್ನು ಎಸೆಯುವುದುಂಟೇ? ಅಧಿಕಾರಿಯ ಎದುರೇ ನಿಂತು ಹನ್ನೊಂದು ತಿಂದ. ಹನ್ನೆರಡನೆಯದನ್ನು ಅಧಿಕಾರಿಗೆ ಕೊಡಲು ಹೋದ. ಅವರು ಬೇಡವೆಂದರು.

ಮಾರನೇ ದಿನ ಸಂಜೆ ನಾಲ್ಕಕ್ಕೆ ಕಾರು ಕಿಲ್ಬರ್ನಿನ ಮನೆಯ ಮುಂದೆ ನಿಂತಿತು. ಹಾರ್ನ್ ಕೇಳಿ ಎಲ್ಲರೂ ಹೊರಗೆ ಬಂದರು. ಎಯಾಂಗ್ ಅವರಿಗೆ ವಯಸ್ಸು ಎಂಬತ್ತರ ಮೇಲೆ, ಎತ್ತರ ರಮಾಕಾಂತನ ಎದೆಯವರೆಗೆ. ಅವರು ಪ್ಲೇಟನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಹರ್ಯೋನೋ ಆಕಾಶ ನೋಡಿದ. ಸೇಕಾರ್ ನೆಲ ನೋಡಿದಳು. ಉತ್ತಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಸ್ತೂರಿ ಗಂಡನ ಕಡೆ ಕಣ್ಣು, ಹುಬ್ಬು, ಕೈ ಎಲ್ಲ ಆಡಿಸಿದಳು. ಮೂರು ದಿನ ಬಿಟ್ಟಿದ್ದಕ್ಕೇ ಇಷ್ಟು ಪ್ರೀತಿಯೇ ಎಂದು ರಮಾಕಾಂತನಿಗೆ ಸಂತೋಷವಾಯಿತು.

ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, ಬಯಲಿನುದ್ದಕ್ಕೂ ಅಭ್ಯಾಸ ಮಾಡಿದ್ದ ಇಂಗ್ಲಿಷ್ ಭಾಷಣವನ್ನು ಶುರುಮಾಡಿದ. ಎಯಾಂಗ್ ತೋಳು ಜಗ್ಗಿದ್ದರಿಂದ ಹರ್ಯೋನೋ ಅದನ್ನು ಒಂದೊಂದೇ ವಾಕ್ಯವಾಗಿ ತಾಯಿಯ ಕಿವಿಯಲ್ಲಿ ತಿರುಗಿಸುತ್ತ ಹೋದ.

“ನಾನು ಕಸರ್! ನಮ್ಮಪ್ಪ ಕಸರ್. ನಮ್ಮ ತಾತ ಇಡೀ ಅಗ್ರಹಾರದಲ್ಲೇ ಕಸರ್ ಅಂತ ಹೆಸರುವಾಸಿ. ಮಗನಿಗೆ ಇನ್ನೂ ಬಂದಿಲ್ಲ, ಆದರೆ ರಕ್ತದಲ್ಲಿದೆ, ಮದುವೆಯಾದ ಮೇಲೆ ಬರುತ್ತದೆ. ನಿಮ್ಮ ಸೇಕಾರ್ ಒಂದು ಕಸರ್ ಮನೆಗೆ ಬರುತ್ತಿದ್ದಾಳೆ. ಚಿಂತೆ ಬೇಡ!”

ಚಿಂತೆ ಎಂಬುದನ್ನು ಅವರಿಗೆ ಅರ್ಥವಾಗಲೆಂದು ‘ಚಿಂತಾ’ ಎಂದೇ ಹೇಳಿದ. ಪ್ರೀತಿ ಬೇಡ ಎಂದು ಕೇಳಿಸಿತು.

“ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ದೋಸ. ನನ್ನ ಹೆಂಡತಿ ಮಾಡುವ ದೋಸ ಇಡೀ ಪರ್ತಿನಲ್ಲಿ ಪ್ರಸಿದ್ಧ. ಒಬ್ಬಳೇ ಐವತ್ತು ಮಾಡುತ್ತಾಳೆ. ಸೇಕಾರಳಿಗೂ ಕಲಿಸುತ್ತಾಳೆ!”

ಇಂಗ್ಲಿಷಿನಲ್ಲಿ ಹೇಳುವಾಗ ದೋಸೆ ದೋಸವಾಗಿತ್ತು. ನಮ್ಮ ‘ದೋಷ’ ಎಂಬ ಪದ ಹಿಂದೆಂದೋ ಸಮುದ್ರ ದಾಟಿ ಅಲ್ಲಿ ‘ದೋಸ’ ಆಗಿದೆ, ಅರ್ಥ ಪಾಪ. ನಿಜಕ್ಕೂ ನಮ್ಮ ಕಡೆಯಿಂದ ಹೋದ ಪದ ಅದು, ಆದರೆ ‘ಪದದ ಬೇರು’ ಇನ್ನೂ ಅಲ್ಲಿಯವರೆಗೆ ಇಳಿದಿರಲಿಲ್ಲ. ಎಯಾಂಗ್ ಕಸ್ತೂರಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಒಳಗೆ ಹೋದರು.

ಏನು ಮಾಡುವುದೆಂದು ತೋಚದೆ ಹರ್ಯೋನೋ, “ನನ್ನ ಶೆಡ್ ನೋಡುತ್ತೀರಾ?” ಎಂದು ರಮಾಕಾಂತನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಶೆಡ್ಡಿನಲ್ಲಿ ಅರ್ಧ ಉಜ್ಜಿದ ಊಟದ ಮೇಜೊಂದಿತ್ತು. ಗೋಡೆಯಲ್ಲಿ ಎರಡು ಡ್ರಾಯರು, ಎರಡಕ್ಕೂ ಕೈಬರಹದ ಚೀಟಿ. ಒಂದರ ಮೇಲೆ ‘ಹಾಲುಸ್’ ಎಂದಿತ್ತು, ಇನ್ನೊಂದರ ಮೇಲೆ ‘ಕಸರ್’. ತನ್ನ ಬಿರುದನ್ನು ಇಲ್ಲೂ ಕಂಡು ರಮಾಕಾಂತ್ ಉತ್ಸಾಹದಿಂದ ಡ್ರಾಯರೊಳಗೆ ಕೈ ಹಾಕಿ, ‘ಅಯ್ಯೋ’ ಎಂದು ತೆಗೆದ. ಬೆರಳು ತರಚಿತ್ತು. ಒಳಗಿದ್ದದ್ದು ಮರ ಉಜ್ಜುವ ಉಪ್ಪುಕಾಗದ, ದಪ್ಪ ಹರಳಿನದು.

ರಮಾಕಾಂತ್ ಇನ್ನೊಂದು ಡ್ರಾಯರಿನ ಕಾಗದ ಮುಟ್ಟಿದ. ನಯವಾಗಿತ್ತು. ಮತ್ತೆ ಮೊದಲನೆಯದನ್ನು ಮುಟ್ಟಿದ. ಎಸ್ಟಿಮೇಟರ್ ಆಗಿ ಮೂವತ್ತು ವರ್ಷ ದುಡಿದವನ ತಲೆ ನಿಧಾನವಾಗಿ ಅಂದಾಜು ಮಾಡತೊಡಗಿತು.

“ಹರಿಯಣ್ಣ, ಈ ಕಾಗದ ಕಸರ್?”

“ಹೌದು. ಆ ಕಾಗದ ಹಾಲುಸ್.”

“ಉಪ್ಪು ಕೂಡ ಕಸರ್ ಇರುತ್ತದೆಯೇ?”

“ಇರುತ್ತದೆ. ಹರಳುಪ್ಪು.”

ರಮಾಕಾಂತ್ ಬೆರಳನ್ನು ಬಾಯಲ್ಲಿಟ್ಟುಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ದನಿ ಎದುರಿನವರಿಗೆ ಮಾತ್ರ ಕೇಳಿಸುವಷ್ಟು ತಗ್ಗಿತು. “ಮನುಷ್ಯರು?”

ಹರ್ಯೋನೋ ಅರ್ಧ ಉಜ್ಜಿದ ಮೇಜಿನ ಮೇಲಿನ ಮರದ ಪುಡಿಯನ್ನು ಅಂಗೈಯಿಂದ ಒರೆಸಿದ. ಆಮೇಲೆ ಮೆಲ್ಲಗೆ, “ಕೆಲವೊಮ್ಮೆ” ಅಂದ.

ರಮಾಕಾಂತನ ಮುಂದೆ ಎಲ್ಲವೂ ಸಾಲಾಗಿ ಬಂದು ನಿಂತವು. ಬಾಯಿಗೆ ಕೈ ಅಡ್ಡ ಹಿಡಿದ ಅಜ್ಜಿ, ಉರುಳಿದ ಸಾಸಿನ ಬಾಟಲಿ, ಹೊಟ್ಟೆ ಹಿಡಿದುಕೊಂಡು ನಕ್ಕ ಹುಡುಗರು, ಅಗ್ರಹಾರದಲ್ಲೇ ಹೆಸರುವಾಸಿಯಾದ ತಾತ. ಕೊನೆಗೆ ಉತ್ತಮ್, ಕಷ್ಟಪಟ್ಟು ಕನ್ನಡದಲ್ಲಿ ‘ನೈಸ್ ಆಗಿರಿ’ ಎಂದದ್ದು. ಮಗ ಕೇಳಿದ್ದು ಅದೊಂದನ್ನೇ. ಅವನಿಗೆ ನಿಂತಲ್ಲೇ ಕಣ್ಣು ಮಂಜಾಯಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಗೋಡೆಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಹೋದ.

ಕಸ್ತೂರಿ ಓಡಿ ಬಂದಾಗ ಅವನು ಕಾರಿನ ಮುಂದೆ ಮಂಡಿಯೂರಿ ಪ್ಲೇಟಿನ ಎರಡನೆಯ ಸ್ಕ್ರೂ ಬಿಚ್ಚುತ್ತಿದ್ದ.

“ನಿಂಗೆ ಗೊತ್ತಿತ್ತಾ?” ಎಂದು ತಲೆ ಎತ್ತದೆ ಕೇಳಿದ.

“ನಿನ್ನೆ ಉತ್ತಮ್ ಹೇಳ್ದ. ಹದಿನೇಳು ಸಲ ಫೋನ್ ಮಾಡ್ದೆ ರೀ. ಇಲ್ಲಿ ಬಂದ್ಮೇಲೆ ಹೇಳೋಣ ಅಂದ್ರೆ ನೀವು ಬಾಯಿ ಮುಚ್ಚಿದ್ರೆ ತಾನೆ?”

“ಹುಡುಗನ ಮದ್ವೆ ಹಾಳ್ ಮಾಡ್ಬಿಟ್ಟೆ ಕಣೆ.”

ಇದಕ್ಕೆ ಕಸ್ತೂರಿಯ ಬಳಿ ಒಂದು ತಯಾರಾದ ಉತ್ತರವಿತ್ತು. ಆದರೆ ಅವನ ಮುಖ ನೋಡಿ, ಬಿಚ್ಚಿದ ಸ್ಕ್ರೂ ಹಿಡಿದುಕೊಳ್ಳಲು ಕೈ ಚಾಚಿದಳು.

ಅಷ್ಟರಲ್ಲಿ ಎಯಾಂಗ್ ಸೇಕಾರಳ ಕೈ ಹಿಡಿದು ಹೊರಗೆ ಬಂದರು. ಹಿಂದೆ ಉತ್ತಮ್, ಹರ್ಯೋನೋ. ಅಜ್ಜಿ ಸ್ಕ್ರೂಡ್ರೈವರ್ ನೋಡಿ, ಯಾಕೆ ತೆಗೆಯುತ್ತಿದ್ದಾರೆ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಮಾತಾಡಿದರು. ಒಂದೊಂದೇ ವಾಕ್ಯವನ್ನು ಸೇಕಾರ್ ಇಂಗ್ಲಿಷಿಗೆ ತಿರುಗಿಸಿದಳು.

“ನನ್ನ ದೊಡ್ಡ ಮೊಮ್ಮಗಳನ್ನು ಕೊಟ್ಟ ಮನೆಯವರು ತುಂಬಾ ಹಾಲುಸ್. ಹಾಲುಸ್ ಅಂದರೆ ನಯ. ಅವರ ಮಾತು ಅಷ್ಟು ನಯ, ನಮಸ್ಕಾರ ಅಷ್ಟು ನಯ. ಮದುವೆಯಾದ ಮೇಲೆ ಹೋಗಿ ನೋಡಿದೆ, ಹುಡುಗಿ ಎಂಟು ತಿಂಗಳಿಂದ ನಕ್ಕಿರಲಿಲ್ಲ. ಅಂದಿನಿಂದ ನಯವಾಗಿ ಮಾತಾಡುವ ಬೀಗರನ್ನು ಕಂಡರೆ ನನಗೆ ಭಯ.”

ಹಾಲುಸ್ ಎಂಬ ಪದ ಕಿವಿಗೆ ಬಿದ್ದಾಗ ರಮಾಕಾಂತನ ಬಾಯಿಗೆ ‘ಹಾಲು’ ಎಂಬುದು ಬಂದು ನಿಂತಿತು. ಅವನು ಅದನ್ನು ನುಂಗಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಒಂದು ಪದವನ್ನು ನುಂಗಿದ್ದನ್ನು ಕಸ್ತೂರಿ ನೋಡಿದ್ದು ಅದೇ ಮೊದಲು.

“ಮರಕ್ಕೆ ಮೊದಲು ಕಸರ್ ಕಾಗದ ಹಾಕಬೇಕು, ಆಮೇಲೆ ಹಾಲುಸ್. ಆ ಮನೆಯವರು ಹಿಂದುಮುಂದು ಮಾಡಿದರು. ಇವರು ಕಸರ್ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಆದರೆ ತಮ್ಮ ಕುಂದನ್ನು ತಾವೇ ಕಾರಿಗೆ ಹಿಂದೆ ಮುಂದೆ ಬರೆಸಿಕೊಂಡು, ಮೂರು ದಿನ ಓಡಿಸಿಕೊಂಡು ಬಂದು, ತಂದೆ ತಾತನ ಸಮೇತ ಒಪ್ಪಿಕೊಳ್ಳುವ ಬೀಗರನ್ನು ನಾನು ನೋಡಿರಲಿಲ್ಲ. ಇಷ್ಟು ಪ್ರಾಮಾಣಿಕರ ಮನೆಗೆ ಹುಡುಗಿಯನ್ನು ಕೊಡಲು ನನಗೆ ಒಪ್ಪಿಗೆ.”

ಉತ್ತಮ್ ಸೇಕಾರಳ ಇನ್ನೊಂದು ಕೈ ಹಿಡಿದುಕೊಂಡ. ಕಸ್ತೂರಿ ಗಂಡನ ಪಾದವನ್ನು ಮೆಲ್ಲಗೆ ತುಳಿದಳು; ಅದರ ಅರ್ಥ ಈಗ ಸುಮ್ಮನಿರಿ ಎಂದು. ಸುಮ್ಮನಿದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಪ್ರಾಮಾಣಿಕ ಎಂಬ ಪದ ರಮಾಕಾಂತನಿಗೆ ಚುಚ್ಚಿತು. ಅವನು ಎದ್ದು ನಿಂತ.

“ಅಜ್ಜಿ, ಸುಳ್ಳು. ನನಗೆ ಅರ್ಥ ಗೊತ್ತಿರಲಿಲ್ಲ. ಕಸರ್ ಅಂದರೆ ಸಿಂಹ ಅಂದುಕೊಂಡಿದ್ದೆ.”

ಸೇಕಾರ್ ಅನುವಾದಿಸಲು ಹಿಂಜರಿದಳು. “ಹೇಳಮ್ಮ” ಎಂದ ರಮಾಕಾಂತ್. ಅವಳು ಹೇಳಿದಳು. ಎಯಾಂಗ್, “ಸಿಂಹ?” ಎಂದು ಕೇಳಿದರು. ಪ್ಲೇಟನ್ನು ನೋಡಿದರು, ಮಂಡಿಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ ರಮಾಕಾಂತನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ನಲ್ಲರ್ಬೋರಿನ ಹುಡುಗರಿಗಿಂತ ಜೋರಾಗಿ, ಹಲ್ಲಿನ ಸೆಟ್ಟು ಅಲ್ಲಾಡುವವರೆಗೆ ನಕ್ಕರು. ಕಸ್ತೂರಿ ವೃತ್ತಿಧರ್ಮದಿಂದ ಒಂದು ಹೆಜ್ಜೆ ಮುಂದೆ ಬಂದಳು. ಅಮ್ಮ ಇಷ್ಟು ನಕ್ಕಿದ್ದನ್ನು ದೊಡ್ಡ ಮಗಳ ಮದುವೆ ಮುರಿದ ಮೇಲೆ ನೋಡಿರಲಿಲ್ಲ ಎಂದು ಹರ್ಯೋನೋ ಕಣ್ಣು ಒರೆಸಿಕೊಂಡ.

ನಗು ನಿಂತ ಮೇಲೆ ಎಯಾಂಗ್ ಎರಡು ಮಾತು ಹೇಳಿದರು. ಮೊದಲನೆಯದು, ಒಪ್ಪಿಗೆ ಹಾಗೆಯೇ ಇದೆ, ಆದರೆ ಪ್ಲೇಟು ತೆಗೆಯಬಾರದು; ತೆಗೆದ ದಿನ ಇವರೂ ಹಾಲುಸ್ ಆದರೆಂದು ತಮಗೆ ಅನುಮಾನ ಬರುತ್ತದೆ. ಎರಡನೆಯದನ್ನು ಕಸ್ತೂರಿಯ ಕಡೆ ತಿರುಗಿ, ಬಹಳ ಗಂಭೀರವಾಗಿ ಕೇಳಿದರು: ಪ್ರತಿ ಭಾನುವಾರ ಐವತ್ತರಂತೆ ನೀವು ಮಾಡುವ ಆ ಪಾಪ ಯಾವುದು?

ಮಾರನೇ ದಿನ ಭಾನುವಾರವೇ ಆಗಿತ್ತು. ಕಸ್ತೂರಿ ಕಿಲ್ಬರ್ನಿನ ಅಡುಗೆಮನೆಯಲ್ಲಿ ಐವತ್ತು ಪಾಪ ಮಾಡಿದಳು. ಎಯಾಂಗ್ ಆರು ತಿಂದರು.

ಪರ್ತಿಗೆ ವಾಪಸಾಗಿ ತಿಂಗಳುಗಳಾದವು. ಮದುವೆಯೂ ಆಯಿತು. ಪ್ಲೇಟು ಇನ್ನೂ ಇದೆ. ಪ್ರತಿ ಭಾನುವಾರ ಎಯಾಂಗ್ ವೀಡಿಯೊ ಕರೆ ಮಾಡಿ, ರಮಾಕಾಂತನಿಂದ ಫೋನನ್ನು ಗ್ಯಾರೇಜಿಗೆ ಒಯ್ಯಿಸಿ, ಹಿಂದೆ ಮುಂದೆ ಎರಡೂ ಕಡೆ ತೋರಿಸಲು ಹೇಳುತ್ತಾರೆ. ಒಮ್ಮೆ ಅವನು ಅವರ ಮಾತು ಮುಗಿಯುವವರೆಗೆ ಸುಮ್ಮನೆ ಕಾದು ಆಮೇಲೆ ಉತ್ತರ ಕೊಟ್ಟಿದ್ದಕ್ಕೆ, ಮೈ ಹುಷಾರಿಲ್ಲವೇ ಎಂದು ಕಸ್ತೂರಿಯನ್ನು ಕೇಳಿದರಂತೆ. ಮಾಲಿನ ಊಟದ ಹೆಂಗಸು ಮಾತ್ರ ಅವನ ಕಾರನ್ನು ಪಾರ್ಕಿಂಗಿನಲ್ಲಿ ಕಂಡ ದಿನದಿಂದ ಅವನಿಗೆ ಸಾಸನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡುತ್ತಾಳೆ.

‘ಪದದ ಬೇರು’ ಬಹಳ ವಾರ ನಿಂತಿತ್ತು. ಒಂದು ಶನಿವಾರ ಏಳು ಗಂಟೆಗೆ ಮತ್ತೆ ಬಂತು, ಒಂದೇ ಸಾಲು. ಅಭ್ಯಾಸಬಲದಿಂದ ಕೈಮುಗಿದ ಚಿತ್ರ ಹುಡುಕುತ್ತಿದ್ದ ಡಾಕ್ಟರ್ ಮಹಾಬಲೇಶ್ವರ ಅವರು ಅದನ್ನು ಎರಡು ಸಲ ಓದಿ, ಮೊದಲ ಬಾರಿಗೆ ನಿಜವಾಗಿಯೇ ಕೈ ಮುಗಿದರು.

‘ಕಸರ್: ಒರಟು. ಮೂಲ ಎಲ್ಲಿಯದೋ ನನಗೆ ಗೊತ್ತಿಲ್ಲ. ಸದ್ಯದ ವಾಸ ಕ್ಯಾನಿಂಗ್ಟನ್.’